ಕಿತ್ತಿಕೋ-ಹಚ್ಚಿಕೋ

ಊರ ಹುಲ್ಲುಗಾವಲು ಯಾರದು? ಊರಿನ ಎಲ್ಲರದು. ದನಕ್ಕೆ ಮೇವು, ಒಲೆಗೆ ಕಟ್ಟಿಗೆ ಅಲ್ಲಿಂದಲೇ ಅಲ್ವೇನಮ್ಮ?

1984ರಲ್ಲಿ ನಮ್ಮ ರಾಜ್ಯದ ಇಂಥ ಸುಮಾರು 75 ಸಾವಿರ ಎಕರೆಯನ್ನು ಒಂದು ಕಂಪನಿಗೆ ಕೊಡಲು ಸರ್ಕಾರ ಒಪ್ಪಿತು. ಅದರಲ್ಲಿ ಸರ್ಕಾರವೂ ಪಾಲುದಾರ. ಹರಿಹರದ ಕಾರ್ಖಾನೆಗೆ ನೀಲಗಿರಿ ಬೆಳೆಯೋದು ಅದರ ಕೆಲಸ. ನೀಲಗಿರಿ ಎಲೆಯನ್ನು ದನ ಮೂಸಿಯೂ ನೋಡೋದಿಲ್ಲ. ಕಟ್ಟಿಗೆಗೆ ಹೆಂಗಸರು ಎಲ್ಲಿಗೆ ಹೋಗಬೇಕು?

ಹಾನಗಲ್ ತಾಲ್ಲೂಕಿನ ಕುಸನೂರಿನ ಜನ ಸುಮ್ಮನೆ ಕೂರಲಿಲ್ಲ. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಜೊತೆಗಿದ್ದರು. ಸುಪ್ರೀಂ ಕೋರ್ಟಿನಲ್ಲಿ ಕೇಸೂ ಹಾಕಿದ್ದರು. 1987ರ ನವೆಂಬರ್ 14ರಂದು ಹೆಂಗಸರು, ಗಂಡಸರು ಸೇರಿ ನೀಲಗಿರಿ ಸಸಿ ಕಿತ್ತರು. ಅದೇ ನೆಲದಲ್ಲಿ ತಮಗೆ ಬೇಕಾದ ಗಿಡ ಹಚ್ಚಿದರು. ಆ ಕಡೆ ನೆಡೋದಕ್ಕೆ ‘ಹಚ್ಚೋದು’ ಅಂತಾರೆ. ಬರೀ ಕಿತ್ತಿದ್ದರೆ ಅದು ಜಗಳ ಅಷ್ಟೇ. ಹಚ್ಚಿದ್ದೇ ದೊಡ್ಡದು.

1991ರಲ್ಲಿ ಸರ್ಕಾರ ಆ ಕಂಪನಿಯನ್ನೇ ಮುಚ್ಚಿತು.