ತಂಬೂರಿಗೆ ಪೈಪೋಟಿ ಕೊಟ್ಟ ಡಬ್ಬಿ

ಫ್ಯಾನ್ ಆರಿಸಿದ್ದಾಯಿತು, ಕಿಟಕಿ ಮುಚ್ಚಿದ್ದಾಯಿತು, ಕುಕ್ಕರ್ ಮೂರನೇ ಸೀಟಿ ಕೂಗಿ ಸುಮ್ಮನಾಗಲೆಂದು ಕಾದದ್ದೂ ಆಯಿತು. ಆಮೇಲೆ ಹಾಡನ್ನು ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಕೇಳಿದರೆ, ತಂಬೂರಿಯ ಹಿಂದೆ ಇನ್ನೊಂದು ‘ಗುಂಯ್’! ಹುಡುಕಿದ ಕಳ್ಳ ಮೇಜಿನ ಮೇಲೇ ಕೂತಿದ್ದ: ಹಾರ್ಡ್ ಡಿಸ್ಕ್ ಕೂರಿಸಿದ್ದ ಎನ್‌ಕ್ಲೋಜರ್ ಡಬ್ಬಿ.

ಲೆಕ್ಕ ಹಾಕಿದರೆ ಗುಟ್ಟು ತಿಳಿಯುತ್ತದೆ. ಒಳಗಿನ ಡಿಸ್ಕ್ ತಿರುಗುವುದು ನಿಮಿಷಕ್ಕೆ 7,200 ಸುತ್ತು ಎಂದರೆ ಸೆಕೆಂಡಿಗೆ 120. ಆ ಅದುರು 120 ಹರ್ಟ್ಸ್‌ನ ನಾದವಾಗಿ, ಗಂಡುದನಿಯ ಷಡ್ಜದ ಆಸುಪಾಸಿನಲ್ಲೇ ಅಪಶ್ರುತಿ ಹಿಡಿಯುತ್ತದೆ. 5,400 ಸುತ್ತಿನ ಡಿಸ್ಕಾದರೆ 90 ಹರ್ಟ್ಸ್. ತೆಳು ಪ್ಲಾಸ್ಟಿಕ್ ಡಬ್ಬಿ, ಟೊಳ್ಳು ಮೇಜು ಎರಡೂ ಸೇರಿದರೆ ತಂಬೂರಿಯ ಬುರುಡೆಯ ಕೆಲಸವನ್ನೇ ಮಾಡುತ್ತವೆ. ಮೈಕ್ ಸ್ಟ್ಯಾಂಡೂ ಅದೇ ಮೇಜಿನ ಮೇಲಿದ್ದರೆ ಕೇಳುವುದೇ ಬೇಡ.

ಅಂಗಡಿಯಲ್ಲಿ ಮಾತ್ರ ಎಲ್ಲರೂ ಹೇಳುವುದು ವೇಗದ ಮಾತು. ನಮಗೆ ಎಷ್ಟು ಬೇಕು? ಗಾಯನ, ಪಿಟೀಲು, ಮೃದಂಗ, ತಂಬೂರಿ ಎಂದು ನಾಲ್ಕು ಟ್ರ್ಯಾಕ್ ಇಟ್ಟುಕೊಳ್ಳಿ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ನಾಲ್ಕೂ ಸೇರಿ ಸೆಕೆಂಡಿಗೆ 0.58 ಮೆಗಾಬೈಟ್, ಗಂಟೆಗೆ ಸುಮಾರು 2 ಗಿಗಾಬೈಟ್. 2000ದಲ್ಲಿ ಬಂದ ಯುಎಸ್‌ಬಿ 2.0 ಕೂಡ ಸೆಕೆಂಡಿಗೆ 30 ಮೆಗಾಬೈಟ್ ಹೊರಬಲ್ಲದು. ವೇಗಕ್ಕೆ ಸುರಿಯುವ ದುಡ್ಡನ್ನು ಮೌನಕ್ಕೆ ಕೊಡುವುದೇ ಜಾಣತನ.

ಮೌನ ಬೇಕೆಂದರೆ ಫ್ಯಾನ್ ಇಲ್ಲದ ಅಲ್ಯೂಮಿನಿಯಂ ಡಬ್ಬಿ, ಒಳಗೆ 2.5 ಇಂಚಿನ ಎಸ್‌ಎಸ್‌ಡಿ. ತಿರುಗುವ ಭಾಗವೇ ಇಲ್ಲದ್ದರಿಂದ ಸದ್ದಿಲ್ಲ. ಕರೆಂಟೂ ಯುಎಸ್‌ಬಿ ಕೇಬಲ್‌ನಿಂದಲೇ ಸಿಗುತ್ತದೆ. 3.5 ಇಂಚಿನ ಡಿಸ್ಕಿಗಾದರೆ 12 ವೋಲ್ಟಿನ ಅಡಾಪ್ಟರ್ ಬೇರೆ ಬೇಕು. ಎನ್‌ವಿಎಂಇ ಕಾರ್ಡು ಇನ್ನೂ ಚುರುಕು, ಆದರೆ ಬಿಸಿಯೂ ಹೆಚ್ಚು. ಈ ಕೆಲಸಕ್ಕೆ ಅಷ್ಟು ಚುರುಕು ಬೇಕಿಲ್ಲ.

ಕೊಳ್ಳುವ ಮುನ್ನ ಇನ್ನೊಂದು ವಿಚಾರಿಸಿ. ಕೆಲವು ಡಬ್ಬಿಗಳು ಸ್ವಲ್ಪ ಹೊತ್ತು ಕೆಲಸವಿಲ್ಲದಿದ್ದರೆ ಡಿಸ್ಕನ್ನು ಮಲಗಿಸಿಬಿಡುತ್ತವೆ. ಶ್ರುತಿ ಸೇರಿಸಿ ಎತ್ತುಗಡೆಗೆ ಬರುವಾಗ ಅದು ಕಣ್ಣುಜ್ಜಿಕೊಳ್ಳುತ್ತಾ ಏಳುತ್ತದೆ. ಆ ನಿದ್ದೆಯನ್ನು ತಪ್ಪಿಸುವ ಸೌಲಭ್ಯ ಇರಬೇಕು. ಡಿಸ್ಕನ್ನು ಎಫ್‌ಎಟಿ32 ಬದಲು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಮೊದಲಿನದರಲ್ಲಿ ಒಂದು ಫೈಲು 4 ಗಿಗಾಬೈಟ್ ಮೀರುವಂತಿಲ್ಲ. ಆಡಿಯೋ ಇಂಟರ್‌ಫೇಸ್ ಮತ್ತು ಡಿಸ್ಕನ್ನು ಒಂದೇ ಹಬ್‌ಗೆ ಸಿಕ್ಕಿಸದೆ ಕಂಪ್ಯೂಟರಿನ ಬೇರೆ ಬೇರೆ ಪೋರ್ಟುಗಳಿಗೆ ಕೊಡಿ.

ಹಳೆಯ ಡಿಸ್ಕನ್ನು ಎಸೆಯಬೇಕಿಲ್ಲ. ಕರೆಂಟಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟ ಎಸ್‌ಎಸ್‌ಡಿಯನ್ನು ಪೂರ್ತಿ ನಂಬುವಂತಿಲ್ಲ. ಇನ್ನೊಂದು ಪ್ರತಿ ಇರಲೇಬೇಕು. ಮಂಗಳ ಹಾಡಿ, ಮೈಕ್ ಆರಿಸಿದ ಮೇಲೆ ಆ ಪ್ರತಿ ಮಾಡಿಕೊಳ್ಳುವ ಕೆಲಸ ಹಳೆಯ ಡಬ್ಬಿಯದು. ಆಗ ಅದು ಎಷ್ಟು ಬೇಕಾದರೂ ಗುಂಯ್‌ಗುಡಲಿ.