ಕಲ್ಪನೆಯಿಂದ ಬರೆಯುವ ರೇಖಾಚಿತ್ರ: ಅದರ ಯೋಜನೆಯೂ ಅಭ್ಯಾಸವೂ

ಎದುರಿಗೆ ಯಾವ ವಸ್ತುವೂ ಇಲ್ಲದೆ, ಮನಸ್ಸಿನಲ್ಲಿ ಮೂಡಿದುದನ್ನು ಸೀಸದ ಕಡ್ಡಿಯಿಂದ ಕಾಗದದ ಮೇಲೆ ಇಳಿಸಬಲ್ಲವನನ್ನು ಕಂಡಾಗ, ಅದು ಹುಟ್ಟಿನಿಂದ ಬಂದ ವರವೆಂದು ಹೇಳುವುದು ರೂಢಿಯಾಗಿದೆ. ಈ ಮಾತಿನಿಂದ ಎರಡು ಬಗೆಯ ಹಾನಿಯುಂಟು. ಕಲಿಯಲು ಹೊರಟವನು ಮೊದಲ ನಾಲ್ಕು ಹಾಳೆಗಳು ಕೆಟ್ಟೊಡನೆ ತನಗೆ ಆ ವರವಿಲ್ಲವೆಂದು ತೀರ್ಮಾನಿಸಿ ಕಡ್ಡಿಯನ್ನು ಕೆಳಗಿಡುತ್ತಾನೆ. ಇತಿಹಾಸದ ವಿದ್ಯಾರ್ಥಿಯಾದರೋ ಹಳೆಯ ಚಿತ್ರವನ್ನು ಪವಾಡವೆಂಬಂತೆ ನೋಡಿ, ಅದರ ಹಿಂದಿನ ಕೆಲಸದ ಕ್ರಮವನ್ನು ವಿಚಾರಿಸದೆ ಮುಂದೆ ಸಾಗುತ್ತಾನೆ. ಆ ಕ್ರಮವನ್ನು ತಿಳಿಯಲು ಆಧಾರಗಳು ಸಾಕಷ್ಟಿವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಪರಿಶೀಲಿಸಬಹುದು.

ಕಲ್ಪನೆಯು ಬರಿದಾದ ಮನಸ್ಸಿನಿಂದ ಹೊರಡುವುದಿಲ್ಲ. ಪ್ಯಾರಿಸಿನ ಚಿತ್ರಶಿಕ್ಷಕ ಹೊರಾಸ್ ಲಕಾಕ್ ದ ಬ್ವಾಬೋದ್ರಾನ್ (1802–1897) ಎಂಬಾತನು ಈ ಸಂಗತಿಯನ್ನೇ ತನ್ನ ಪಾಠಕ್ರಮಕ್ಕೆ ತಳಹದಿಯನ್ನಾಗಿ ಮಾಡಿಕೊಂಡನು. ಚಿತ್ರಸ್ಮೃತಿಯ ಶಿಕ್ಷಣವನ್ನು ಕುರಿತ ಅವನ ಪುಸ್ತಕವು 1848ರಲ್ಲಿ ಪ್ರಕಟವಾಯಿತು. ಅವನ ಶಿಷ್ಯರು ಸರಳವಾದ ರೂಪಗಳಿಂದ ಆರಂಭಿಸಿ, ಮಾದರಿಯನ್ನು ಚೆನ್ನಾಗಿ ನೋಡಿ, ಅದು ಕಣ್ಮರೆಯಾದ ಬಳಿಕ ನೆನಪಿನಿಂದ ಬರೆಯಬೇಕಾಗಿತ್ತು. ಅನಂತರ ಮೂಲದೊಡನೆ ಹೋಲಿಸಿ ತಿದ್ದಿಕೊಳ್ಳಬೇಕಾಗಿತ್ತು. ಕ್ರಮೇಣ ಕಠಿನವಾದ ರೂಪಗಳು ಬಂದುವು. ಶಿಷ್ಯರು ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಚಿತ್ರವನ್ನು ಅಭ್ಯಸಿಸಿ, ಶಾಲೆಗೆ ಮರಳಿ ಅದನ್ನು ಬರೆದರು. ಕಡೆಗೆ ಬಯಲಿನಲ್ಲಿ ಸ್ವೇಚ್ಛೆಯಾಗಿ ನಡೆದಾಡುವ ಮನುಷ್ಯರನ್ನು ನೋಡಿಬಂದು ಬರೆಯುವ ಹಂತವೂ ಬಂದಿತು. ಶಿಲ್ಪಿ ರೋದಾನ್, ಚಿತ್ರಕಾರ ಫಾಂತಾನ್‌-ಲಾತೂರ್ ಇಬ್ಬರೂ ಈತನ ಶಿಷ್ಯರೇ. ಒಂದೇ ಪಾಠವನ್ನು ಕಲಿತ ಈ ಇಬ್ಬರ ಕೃತಿಗಳಲ್ಲಿ ಸಾಮ್ಯವೆಂಬುದು ಹೆಚ್ಚೇನೂ ಇಲ್ಲ. ನೆನಪಿನ ಅಭ್ಯಾಸವು ಸ್ವಂತಿಕೆಯನ್ನು ಕೊಲ್ಲುತ್ತದೆಂಬ ಆಕ್ಷೇಪಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕೆಂದು ತೋರುವುದಿಲ್ಲ. ಹಗಲು ನೋಡಿದ ಆಕೃತಿಗಳ ಹೊರಗೆರೆಗಳನ್ನು ಇರುಳು ಹಾಸಿಗೆಯಲ್ಲಿ ಮಲಗಿ ನೆನೆಯಬೇಕೆಂದು ಲಿಯೊನಾರ್ಡೊ ಡ ವಿಂಚಿಯೂ ತನ್ನ ಟಿಪ್ಪಣಿಗಳಲ್ಲಿ ಸಲಹೆ ಮಾಡಿದ್ದಾನೆ.

ಇನ್ನು ಯೋಜನೆಯ ವಿಷಯ. ಆಲದ ಮರದಡಿಯಲ್ಲಿ ನಿಂತ ಎತ್ತಿನ ಗಾಡಿ, ಅದರ ಬಳಿ ಮಾತನಾಡುತ್ತಿರುವ ಇಬ್ಬರು ರೈತರು, ದೂರದಲ್ಲಿ ಬರುತ್ತಿರುವ ಮತ್ತೊಬ್ಬ. ಇಷ್ಟನ್ನು ಕಲ್ಪನೆಯಿಂದ ಬರೆಯಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಹೊಸಬನು ಸಾಮಾನ್ಯವಾಗಿ ಎತ್ತಿನ ಕಣ್ಣಿನಿಂದಲೋ ರೈತನ ಮೀಸೆಯಿಂದಲೋ ಮೊದಲುಮಾಡುತ್ತಾನೆ. ಮುಖವು ಅಂದವಾಗಿ ಮುಗಿಯುತ್ತದೆ. ಆದರೆ ಕಾಲುಗಳಿಗೆ ಕಾಗದದಲ್ಲಿ ಸ್ಥಳವಿರುವುದಿಲ್ಲ. ಸಂಯೋಜನೆಯ ಮೊದಲ ಕರಡಿನಲ್ಲಿ ಅವಯವಗಳನ್ನು ಪೂರ್ಣಗೊಳಿಸಬಾರದೆಂದು ಲಿಯೊನಾರ್ಡೊ ಎಚ್ಚರಿಸಿದುದು ಇದಕ್ಕಾಗಿಯೇ: ಮುಗಿದ ಅವಯವವನ್ನು ಅಳಿಸಲು ಮನಸ್ಸು ಬಾರದು. ಆದುದರಿಂದ ಬೆಂಕಿಪೆಟ್ಟಿಗೆಯಷ್ಟು ಚಿಕ್ಕದಾದ ನಾಲ್ಕೈದು ಕರಡುಗಳನ್ನು ಮೊದಲು ಗೀಚಿ, ಮರ, ಗಾಡಿ, ಮನುಷ್ಯರೆಂಬ ದೊಡ್ಡ ಮೊತ್ತಗಳನ್ನು ಮಾತ್ರ ಅಲ್ಲಿ ಇಲ್ಲಿ ಸರಿಸಿ ನೋಡುವುದು ಯುಕ್ತ.

ಮುಂದಿನ ನಿರ್ಧಾರವು ನೋಡುವವನ ಕಣ್ಣಿನ ಮಟ್ಟ. ಆಲ್ಬರ್ಟಿಯು 1435ರಲ್ಲಿ ಚಿತ್ರಕಲೆಯನ್ನು ಕುರಿತು ಬರೆದ ಗ್ರಂಥವು ಇಲ್ಲಿ ಇಂದಿಗೂ ಮಾರ್ಗದರ್ಶಿ. ಆ ಮಟ್ಟವು ನಿಂತ ಮನುಷ್ಯನ ಎತ್ತರದ್ದಾದರೆ, ಸಮನೆಲದ ಮೇಲೆ ನಿಂತ ಸಮಾನ ಎತ್ತರದವರ ತಲೆಗಳೆಲ್ಲ, ಹತ್ತಿರದವರವಾಗಲಿ ದೂರದವರವಾಗಲಿ, ಒಂದೇ ದಿಗಂತರೇಖೆಯಲ್ಲಿ ಬೀಳುತ್ತವೆ. ದೂರ ಹೋದಂತೆ ಪಾದಗಳು ಮಾತ್ರ ಮೇಲಕ್ಕೇರುತ್ತವೆ. ಈ ಒಂದು ನಿಯಮವನ್ನು ಅರಿತವನಿಗೆ ದೂರದ ಮೂರನೆಯ ರೈತನ ಅಳತೆಯನ್ನು ಊಹಿಸುವ ಕಷ್ಟವಿಲ್ಲ. ಗಾಡಿಯನ್ನು ಮೊದಲು ಬರಿಯ ಪೆಟ್ಟಿಗೆಯಂತೆ ಬರೆದು, ಚಕ್ರವನ್ನು ದೀರ್ಘವೃತ್ತವಾಗಿ, ಅದರ ಕಿರಿಯ ಅಕ್ಷವು ಅಚ್ಚಿನ ದಿಕ್ಕಿಗೆ ಹೊಂದುವಂತೆ ಕೂಡಿಸಬೇಕು. ಮನುಷ್ಯಾಕೃತಿಗೆ ಮೊದಲು ಎಲುಬು, ಬಳಿಕ ಮಾಂಸ, ಕೊನೆಗೆ ಚರ್ಮ ಎಂದು ಆಲ್ಬರ್ಟಿ ಹೇಳಿದ ಕ್ರಮವೂ ಇದೇ ಬಗೆಯದು. ಬೆಳಕು ಎಡದಿಂದಲೆಂದು ಒಮ್ಮೆ ನಿಶ್ಚಯಿಸಿದ ಮೇಲೆ ಮರ, ಗಾಡಿ, ಮನುಷ್ಯರ ನೆರಳುಗಳೆಲ್ಲ ಅದಕ್ಕೆ ಅಧೀನ.

ನಮ್ಮ ದೇಶದ ಚಿತ್ರಗಾರರಿಗೆ ಈ ಯೋಜನೆಯು ಬೇರೊಂದು ದಾರಿಯಿಂದ ಒದಗಿತು. ದೇವತೆಯನ್ನು ಬರೆಯುವವನ ಮುಂದೆ ಮಾದರಿಯಿರಲು ಸಾಧ್ಯವಿಲ್ಲ. ಮುಖ, ಭುಜ, ಆಯುಧ, ಬಣ್ಣಗಳನ್ನು ಧ್ಯಾನಶ್ಲೋಕವು ತಿಳಿಸಿದರೆ, ಪ್ರಮಾಣವನ್ನು ತಾಲಮಾನವು ಒದಗಿಸುತ್ತಿತ್ತು. ನವತಾಲದಲ್ಲಿ ಆಕೃತಿಯ ಎತ್ತರವು 108 ಅಂಗುಲ. ಪ್ರಸಿದ್ಧವಾದ ಒಂದು ವಿಭಾಗದಂತೆ ಮುಖಕ್ಕೆ 12, ಕೊರಳಿಗೆ 4, ಅಲ್ಲಿಂದ ಎದೆಗೆ, ಎದೆಯಿಂದ ಹೊಕ್ಕುಳಿಗೆ, ಹೊಕ್ಕುಳಿನಿಂದ ತೊಡೆಯ ಮೂಲಕ್ಕೆ ತಲಾ 12, ತೊಡೆಗೆ 24, ಮೊಣಕಾಲಿಗೆ 4, ಕಣಕಾಲಿಗೆ 24, ಪಾದಕ್ಕೆ 4. ಅಂಗುಲವೆಂಬುದು ಇಲ್ಲಿ ಸ್ಥಿರವಾದ ಅಳತೆಯಲ್ಲ, ಆಕೃತಿಯ ಭಾಗವೇ ಆದುದರಿಂದ, ಗೇಣುದ್ದದ ಹಲಗೆಗೂ ಗೋಡೆಗೂ ಒಂದೇ ಲೆಕ್ಕ ಸಲ್ಲುತ್ತದೆ. ಮೈಸೂರು ಸಂಪ್ರದಾಯದ ಚಿತ್ರಗಾರರು ಹುಣಿಸೆಯ ಕಡ್ಡಿಗಳನ್ನು ಸುಟ್ಟ ಇದ್ದಲಿನಿಂದ ಮೊದಲ ರೇಖೆಗಳನ್ನು ಬರೆಯುತ್ತಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಕಾಲದಲ್ಲಿ ಸಿದ್ಧವಾದ, ಒಂಬತ್ತು ನಿಧಿಗಳ ಶ್ರೀತತ್ತ್ವನಿಧಿಯು ಶ್ಲೋಕವನ್ನೂ ಚಿತ್ರವನ್ನೂ ಜೊತೆಯಲ್ಲಿಡುವುದರಿಂದ, ಮಾತು ರೂಪವಾಗುವ ಬಗೆಯನ್ನು ತಿಳಿಯಲು ಅಮೂಲ್ಯವಾದ ಸಾಮಗ್ರಿ.

ಸಾಧನವನ್ನು ಕುರಿತು ಒಂದೆರಡು ಮಾತು ಸಾಕು. ಯುದ್ಧದಿಂದಾಗಿ ಇಂಗ್ಲೆಂಡಿನ ಗ್ರಾಫೈಟ್ ಫ್ರಾನ್ಸಿಗೆ ದೊರೆಯದಿದ್ದಾಗ, ಕೋಂತೆ ಎಂಬಾತನು ಗ್ರಾಫೈಟಿನ ಪುಡಿಗೆ ಜೇಡಿಮಣ್ಣನ್ನು ಬೆರೆಸಿ ಸುಡುವ ವಿಧಾನಕ್ಕೆ 1795ರಲ್ಲಿ ಹಕ್ಕುಪತ್ರ ಪಡೆದನು. ಮಣ್ಣು ಹೆಚ್ಚಿದರೆ ಕಡ್ಡಿ ಗಟ್ಟಿ, ಗೆರೆ ತೆಳು. ಕಡಮೆಯಾದರೆ ಮೆದು, ಗೆರೆ ಕಪ್ಪು. ಕಟ್ಟೋಣದ ಗೆರೆಗಳಿಗೆ ಗಟ್ಟಿಯಾದ ಎಚ್ ಕಡ್ಡಿಯನ್ನು ಹಗುರವಾಗಿ ಹಿಡಿದು, ನಿರ್ಧಾರಗಳೆಲ್ಲ ಮುಗಿದ ಬಳಿಕವೇ ನೆರಳಿಗೆ 2ಬಿ, 4ಬಿ ಕಡ್ಡಿಗಳನ್ನು ಕೈಗೆತ್ತಿಕೊಳ್ಳುವುದು ಮೇಲು. ಎಚ್ ಕಡ್ಡಿಯನ್ನು ಒತ್ತಿ ಬರೆದರೆ ಅದು ಕಾಗದವನ್ನು ಕೊರೆಯುತ್ತದೆ. ಆ ಕೊರೆ ರಬ್ಬರಿಗೂ ಅಳಿಯದು.

ಯೋಜನೆಯೆಂದರೆ ಕಲ್ಪನೆಗೆ ಬೇಡಿ ತೊಡಿಸುವುದೆಂಬ ಶಂಕೆಯುಳ್ಳವರು ರಫಾಯೆಲ್‌ನ 'ಅಥೆನ್ಸಿನ ವಿದ್ಯಾಪೀಠ'ದ ಪೂರ್ವಚಿತ್ರವನ್ನು ಗಮನಿಸಬೇಕು. ಹಾಳೆಗಳನ್ನು ಅಂಟಿಸಿ, ಇದ್ದಲಿನಿಂದ ಬರೆದ ಇದು ಸುಮಾರು 8 ಮೀಟರ್ ಅಗಲವಾಗಿದ್ದು, ಮಿಲಾನಿನ ಆಂಬ್ರೋಸಿಯಾನಾದಲ್ಲಿದೆ. ಒಬ್ಬೊಬ್ಬ ತತ್ತ್ವಜ್ಞಾನಿಯ ಭಂಗಿಯೂ ಅದರಲ್ಲಿ ನಿಶ್ಚಿತವಾಗಿದೆ. ಆದರೆ ಭಿತ್ತಿಚಿತ್ರದ ಮುಂಭಾಗದಲ್ಲಿ ಕಲ್ಲಿನ ದಿಮ್ಮಿಗೆ ಒರಗಿ, ಗಲ್ಲಕ್ಕೆ ಕೈಕೊಟ್ಟು ಒಬ್ಬನೇ ಕುಳಿತಿರುವ ಹೆರಾಕ್ಲೈಟಸ್ ಪೂರ್ವಚಿತ್ರದಲ್ಲಿಲ್ಲ. ಅಷ್ಟೆಲ್ಲ ಸಿದ್ಧತೆಯ ನಂತರ ರಫಾಯೆಲ್‌ ಅವನನ್ನು ಗೋಡೆಯ ಮೇಲೆಯೇ ಸೇರಿಸಿದನು.