ಬ್ಯಾಟರಿ ಸಾಯುವಾಗ ಹುಟ್ಟಿದ ಸದ್ದು

ಗೆಳೆಯರ ಮುಂದೆ ನಮ್ಮ ಬ್ಯಾಂಡ್ ಹಾಡ್ತಾ ಇತ್ತು. ಮೂರನೇ ಹಾಡಿನ ಮಧ್ಯೆ ನನ್ನ ಬೇಸ್ ಗಿಟಾರ್ ಇದ್ದಕ್ಕಿದ್ದಂತೆ ಗೊರಗೊರ ಅನ್ನತೊಡಗಿತು. ನಾನು ಬೆವೆತುಹೋದೆ. ಡ್ರಮ್ಸ್ ಬಾರಿಸುತ್ತಿದ್ದ ಗೆಳೆಯ ಮಾತ್ರ, "ಹಾಗೇ ಇರ್ಲಿ, ಮುಟ್ಬೇಡ!" ಎಂದು ಕೂಗಿದ. ಮುಂದಿನ ಹಾಡಿಗೆ ಸದ್ದೇ ಇಲ್ಲ. ಒಳಗಿದ್ದ 9 ವೋಲ್ಟ್ ಬ್ಯಾಟರಿ ಸತ್ತಿತ್ತು.

ಹೊಸ ಬ್ಯಾಟರಿ ಹಾಕಿದೆ, ಸದ್ದು ಶುದ್ಧವಾಯ್ತು. ಆದರೆ ಮನಸ್ಸು ಆ ಗೊರಗೊರವನ್ನೇ ಕೇಳ್ತಿತ್ತು.

ಆಕ್ಟಿವ್ ಬೇಸ್‌ನ ಹೊಟ್ಟೆಯಲ್ಲಿ ಪುಟ್ಟ ಪ್ರೀಆಂಪ್ ಇರುತ್ತೆ. 9 ವೋಲ್ಟ್ ಸಿಕ್ಕರೆ ತಂತಿಯ ಸಿಗ್ನಲ್‌ಗೆ ಮೇಲೆ ಕೆಳಗೆ ಓಡಾಡಲು ಸಾಕಷ್ಟು ಜಾಗ. ವೋಲ್ಟೇಜ್ ಇಳಿದರೆ ಸೂರು ತಗ್ಗಿದ ಹಾಗೆ: ಅಲೆಯ ನೆತ್ತಿ ತಾಗಿ ಚಪ್ಪಟೆಯಾಗುತ್ತೆ. ಅದೇ ಡಿಸ್ಟಾರ್ಷನ್. ಮೆಲ್ಲಗೆ ಮೀಟಿದರೆ ಸದ್ದು ಸ್ವಚ್ಛ, ಜೋರಾಗಿ ಮೀಟಿದರೆ ಒರಟು. ಹಿಡಿತ ಬೆರಳಲ್ಲೇ.

ಕೆಟ್ಟಿದ್ದರಿಂದಲೇ ಒಳ್ಳೆಯ ಸದ್ದು ಹುಟ್ಟಿದ್ದು ಇದೇ ಮೊದಲಲ್ಲ. 1961ರಲ್ಲಿ ಹಿಟ್ ಆದ ಮಾರ್ಟಿ ರಾಬಿನ್ಸ್ ಅವರ 'ಡೋಂಟ್ ವರಿ' ಹಾಡನ್ನು ನ್ಯಾಶ್‌ವಿಲ್‌ನಲ್ಲಿ ರೆಕಾರ್ಡ್ ಮಾಡುವಾಗ ಮಿಕ್ಸಿಂಗ್ ಕನ್ಸೋಲ್‌ನ ಒಂದು ಚಾನೆಲ್ ಕೈಕೊಟ್ಟಿತ್ತು. ಗ್ರೇಡಿ ಮಾರ್ಟಿನ್ ನುಡಿಸಿದ ಆರು ತಂತಿಯ ಬೇಸ್ ಒಡಕು ದನಿಯಲ್ಲಿ ಗುಂಯ್‌ಗುಟ್ಟಿತು. ಅದನ್ನು ಹಾಗೇ ಉಳಿಸಿಕೊಂಡರು. ಆ ಸದ್ದಿನ ಬೆನ್ನುಹತ್ತಿ 1962ರಲ್ಲಿ ಬಂದ ಮೇಸ್ಟ್ರೋ ಫಝ್-ಟೋನ್ ಪೆಡಲ್ ಓಡುತ್ತಿದ್ದದ್ದು ಬರೀ 3 ವೋಲ್ಟ್‌ನಲ್ಲಿ!

ಇನ್ನೊಂದು ಲಾಭ ನಿಮ್ಮ ಕೈಯಲ್ಲೇ ಇದೆ. ಬೇಸ್‌ನ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್. ಫೋನ್ ಸ್ಪೀಕರ್‌ಗೆ ಅದು ನಿಲುಕದು. ಡಿಸ್ಟಾರ್ಷನ್ ಆದಾಗ 82, 123 ಹರ್ಟ್ಸ್ ಹೀಗೆ ಮೇಲಿನ ಗುಣಕಗಳೆಲ್ಲ ಬಲವಾಗುತ್ತವೆ. ಅವುಗಳಿಂದಲೇ ಕಿವಿ ಮೂಲಸ್ವರವನ್ನು ಊಹಿಸಿಕೊಳ್ಳುತ್ತೆ.

ಮಾಡೋದು ಹೇಗೆ? ಮೊದಲು ಮಲ್ಟಿಮೀಟರ್‌ನಲ್ಲಿ ಪ್ರೀಆಂಪ್ ಎಳೆಯುವ ಕರೆಂಟ್ ನೋಡಿ. ಅರ್ಧ ಮಿಲಿಆಂಪ್ ಇದ್ದರೆ 10 ಕಿಲೋಓಮ್ ಪಾಟ್ ಪೂರ್ತಿ ತಿರುಗಿಸಿದಾಗ ಅಂದಾಜು 5 ವೋಲ್ಟ್ ಅಲ್ಲೇ ಇಳಿಯುತ್ತೆ, ಉಳಿಯೋದು 4. ಬ್ಯಾಟರಿಯ ಕೆಂಪು ವೈರ್ ಮತ್ತು ಪ್ರೀಆಂಪ್ ನಡುವೆ ಪಾಟ್ ಸೇರಿಸಿ: ನಡುಕಾಲು, ಒಂದು ತುದಿ, ಅಷ್ಟೇ. ಪಾಟ್ ಆದಮೇಲೆ, ಪ್ರೀಆಂಪ್ ಕಡೆ, 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದರೆ ವೋಲ್ಟೇಜ್ ಸ್ಥಿರವಾಗಿರುತ್ತೆ. ಬೆಂಗಳೂರಿನವರಿಗೆ ಎಸ್‌.ಪಿ. ರೋಡ್ ಇದ್ದೇ ಇದೆ. ಕೆಲವು ಪ್ರೀಆಂಪ್‌ಗಳು ಗೊರಗುಡದೆ ಸುಮ್ಮನೆ ಮೌನವಾಗಿಬಿಡುತ್ತವೆ. ಆದ್ದರಿಂದ ಪಾಟನ್ನು ಹೊರಗೇ ನೇತುಬಿಟ್ಟು ಮೊದಲು ಕೇಳಿ.

ನನ್ನ ಬೇಸ್ ಅಪ್ಪ ಕೊಡಿಸಿದ್ದು. ಅದರ ಮರಕ್ಕೆ ತೂತು ಕೊರೆಯಲು ಕೈ ಬರಲಿಲ್ಲ. ಎರಡು ಪಿಕಪ್ ಬೆರೆಸುವ ಬ್ಯಾಲೆನ್ಸ್ ನಾಬನ್ನು ನಾನು ಎಂದೂ ಮುಟ್ಟಿದವನಲ್ಲ. ಅದನ್ನು ತೆಗೆದು, ಪಿಕಪ್‌ಗಳನ್ನು ನೇರ ಸೇರಿಸಿ, ಆ ಜಾಗದಲ್ಲೇ ಹೊಸ ಪಾಟ್ ಕೂರಿಸಿದೆ. ಹಳೆಯದು ಡ್ರಾಯರ್‌ನಲ್ಲಿ ಭದ್ರವಾಗಿದೆ.

ಅಪ್ಪನಿಗೆ ನುಡಿಸಿ ತೋರಿಸಿದೆ. "ಕೆಟ್ಟೋಯ್ತೇನೋ?" ಅಂದರು. ನಾಬ್ ತಿರುಗಿಸಿದೆ, ಹಳೇ ದನಿ ಮರಳಿ ಬಂತು. ಅಪ್ಪನ ಮುಖವೂ ತಿಳಿಯಾಯ್ತು.